ಕಸ್ತೂರೆವ್ವ ಒಗೆಯದ ಬಟ್ಟೆ

ನಿನ್ನೆ ನನ್ನ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ಒಬ್ಬ ತಾಯಿ ಹತ್ತಿರ ಬಂದರು. "ಅಜ್ಜಾರ, ಮಕ್ಕಳಿಗೆ ಧರ್ಮ ಹ್ಯಾಂಗ ಕಲಿಸೂದ್ರಿ? ಒಂದ ಪುಸ್ತಕದ ಹೆಸರು ಹೇಳ್ರಿ" ಎಂದರು. "ಪುಸ್ತಕ ಆಮೇಲೆ ನೋಡೋಣ ತಾಯಿ. ನಿಮ್ಮ ಮಗನ ಕಾಲುಚೀಲ ಒಗೆಯುವವರು ಯಾರು?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ನಾನಽ ರೀ. ಮತ್ಯಾರ ಒಗೀಬೇಕು?"

ಮಗನ ವಯಸ್ಸೆಷ್ಟು ಎಂದೆ. ಇಪ್ಪತ್ತೆರಡು ಎಂದರು.

ನೋಡಿ, ನೀವೂ ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ಇವತ್ತು ಹೇಳಬೇಕೆಂದುಕೊಂಡಿದ್ದ ವಿಷಯ ಬದಿಗಿಟ್ಟು ಒಂದು ದೃಷ್ಟಾಂತ ಹೇಳುತ್ತೇನೆ. ಕೇಳಿದ ಮೇಲೂ ನಗು ಉಳಿದರೆ ಆಗ ಮಾತಾಡೋಣ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದೇ ನಮ್ಮ ದೃಷ್ಟಾಂತಗಳು ಶುರುವಾಗುತ್ತವೆ. ಇವತ್ತು ಒಬ್ಬಳು ಶ್ರೀಮಂತೆ ಇದ್ದಳು ಎಂದು ಶುರು ಮಾಡೋಣ. ಏನು ಅವಳ ಸಿರಿ? ಬಂಗಾರವೇ? ಕಿವಿಯ ಬೆಂಡೋಲೆ ಬಿಟ್ಟರೆ ಮತ್ತೇನಿಲ್ಲ. ಹೊಲವೇ? ಗೇಣುದ್ದವೂ ಇಲ್ಲ. ಆರು ಮಕ್ಕಳು! ಆರು ಮಕ್ಕಳು, ಗಂಡ, ಅತ್ತೆ, ಮದುವೆಯಾಗದ ಮೈದುನ, ಆಮೇಲೆ ತಾನು. ಹತ್ತು ಜನರ ಮನೆ. ಅವಳ ಹೆಸರು ಕಸ್ತೂರೆವ್ವ. ಅದು ನೇಕಾರರ ಊರು. ಗಂಡ ಶಂಕ್ರೆಪ್ಪನದೂ ಎರಡು ಮಗ್ಗಗಳಿದ್ದವು. ಆದರೆ ಆ ಮನೆಯಲ್ಲಿ ವಾರಕ್ಕೆ ನೇಯುವ ಬಟ್ಟೆಗಿಂತ ವಾರಕ್ಕೆ ಒಗೆಯುವ ಬಟ್ಟೆಯೇ ಹೆಚ್ಚಾಗಿತ್ತು.

ಆ ಊರಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಬಂದರೆ ಮುಂಜಾನೆ ಏಳರಿಂದ ಒಂಬತ್ತರವರೆಗೆ. ನೀರು ಬರುವ ದಿನವೆಂದರೆ ಕಸ್ತೂರೆವ್ವನಿಗೆ ಒಗೆಯುವ ದಿನ. ನಾಲ್ಕು ದಿನದ ಬಟ್ಟೆ ಹಿತ್ತಲಿನ ಕಲ್ಲಿನ ಪಕ್ಕ ಗುಡ್ಡವಾಗಿ ಬಿದ್ದಿರುತ್ತಿತ್ತು. ಸಾಲೆಯಿಂದ ಬಂದ ಮಕ್ಕಳು ನಿಂತಲ್ಲೇ ಅಂಗಿ ಕಳಚುತ್ತಿದ್ದರು, ಹಾವು ಪೊರೆ ಬಿಟ್ಟಂತೆ. ಚೊಣ್ಣ ಒಂದು ಕಡೆ, ಕಾಲುಚೀಲ ಒಂದು ಕಡೆ. ಎತ್ತುವವಳು ಒಬ್ಬಳಿದ್ದಾಳಲ್ಲ! ಅವಳು ಎತ್ತುತ್ತಿದ್ದಳು, ನೆನೆಹಾಕುತ್ತಿದ್ದಳು, ಬಡಿಯುತ್ತಿದ್ದಳು, ಹಿಂಡುತ್ತಿದ್ದಳು, ಒಣಗಿದ್ದನ್ನು ಮಡಚಿ ಅವರವರ ಗೂಡಿನಲ್ಲಿ ಇಡುತ್ತಿದ್ದಳು.

ಇದು ಅವಳಿಗೆ ಕಷ್ಟವಾಗಿತ್ತೇ? ಇಲ್ಲ, ಅದೇ ಅವಳ ಹೆಮ್ಮೆಯಾಗಿತ್ತು. ಓಣಿಯ ಹೆಣ್ಣುಮಕ್ಕಳು, "ಕಸ್ತೂರೆವ್ವನ ಮಕ್ಕಳ ನೋಡ್ರಿ, ಆರೂ ಮಂದಿ ಬೆಳ್ಳಕ್ಕಿ ಸಾಲ ಹೊಂಟಂಗ ಹೊಕ್ಕಾವ ಸಾಲಿಗೆ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವಳಿಗೆ ಸೊಂಟದ ನೋವು ನೆನಪಿಗೆ ಬರುತ್ತಿರಲಿಲ್ಲ. ಹತ್ತು ವರ್ಷದ ಗಿರಿಮಲ್ಲ ಒಮ್ಮೆ ತಾನೇ ಅಂಗಿ ತಿಕ್ಕಲು ಕುಳಿತಿದ್ದ. "ಬಿಡಪಾ, ನಿನಗ ಬರೂದಿಲ್ಲ, ಹರೀತಿ" ಎಂದು ಅವಳೇ ಕಸಿದುಕೊಂಡಿದ್ದಳು. ಕಲಿಯಲು ಬಂದ ಕೈಯನ್ನು ಓಡಿಸಿದವರು ಯಾರು? ತಾಯಿಯೇ. ಪ್ರೀತಿಯಿಂದಲೇ ಓಡಿಸಿದಳು.

ಹೀಗಿರಲು ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳ ಬಲಗೈಯ ತೋರುಬೆರಳು ಬಾತುಕೊಂಡಿತು. ಅಂಗೈ ಮೊದಲೇ ಬಿರುಕು ಬಿಟ್ಟಿತ್ತು. ಇಪ್ಪತ್ತು ವರ್ಷ ಸೋಡಾಪುಡಿಯಲ್ಲಿ ನೆನೆದ ಕೈ, ಬೇಸಿಗೆಯ ಕೆರೆಯ ತಳದಂತೆ ಸೀಳಿತ್ತು. ಆ ಬೆರಳಿನ ಸೀಳಿನೊಳಗೆ ಕೀವು ಹಿಡಿಯಿತು. ಎಣ್ಣೆ ಹಚ್ಚಿದಳು, ಅರಿಸಿನ ಕಟ್ಟಿದಳು. ಮೂರನೆಯ ದಿನ ಜ್ವರ ಬಂತು. ಶಂಕ್ರೆಪ್ಪ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಬೆರಳು ಕೊಯ್ದು ಕೀವು ತೆಗೆದು, ದಪ್ಪಗೆ ಬ್ಯಾಂಡೇಜು ಸುತ್ತಿ ಹೇಳಿದರು:

"ಎರಡ ತಿಂಗಳ ಈ ಕೈಗೆ ಸಾಬಾನ ತಾಗಬಾರದು, ಸೋಡಾ ತಾಗಬಾರದು. ಇನ್ನೊಮ್ಮೆ ಕೀವಾತಂದ್ರ ಬೆರಳ ಉಳಿಸೂದು ನನ್ನ ಕೈಯಾಗಿಲ್ಲ ನೋಡವಾ."

ಮನೆಗೆ ಬಂದರು. ಅವತ್ತು ನೀರಿನ ದಿನ. ಹಿತ್ತಲಲ್ಲಿ ಬಟ್ಟೆಯ ಗುಡ್ಡ ಹಾಗೇ ಕುಳಿತಿತ್ತು. ಅತ್ತೆ ಗಂಗವ್ವ ಸೊಸೆಯ ಕೈ ನೋಡಿದಳು, ಗುಡ್ಡ ನೋಡಿದಳು, ಆಮೇಲೆ ಸಹಜವಾಗಿ ಒಂದು ಮಾತು ಹೇಳಿದಳು.

"ಅದಕ್ಕೇನ ಚಿಂತಿ? ವಿಶಾಲಾ ಅದಾಳಲ್ಲ."

ವಿಶಾಲಾ ಹಿರಿಯ ಮಗಳು. ಹದಿನೇಳು ವರ್ಷ. ಪಿಯುಸಿ ಎರಡನೆಯ ವರ್ಷದ ವಿಜ್ಞಾನ ಓದುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಪರೀಕ್ಷೆ. ಅಜ್ಜಿಯ ಮಾತು ಕೇಳಿ ಅವಳು ಪುಸ್ತಕ ಮುಚ್ಚಿ, ಲಂಗದ ಅಂಚು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು. ಆಗ ಕಸ್ತೂರೆವ್ವನಿಗೆ ಏನನ್ನಿಸಿತು? ಮುಚ್ಚಿಡದೆ ಹೇಳುತ್ತೇನೆ. ನಿರಾಳವೆನಿಸಿತು. ಮಗಳಿದ್ದಾಳೆ, ಮನೆ ನಡೆಯುತ್ತದೆ ಎನಿಸಿತು. ಎಷ್ಟು ಜನ ತಾಯಂದಿರಿಗೆ ಹೀಗೆ ಅನ್ನಿಸಿಲ್ಲ ಹೇಳಿ? ಆದರೆ ನಿರಾಳದಲ್ಲೂ ಎರಡು ಬಗೆ ಇದೆ. ಹೊರೆ ಇಳಿದಾಗ ಆಗುವ ನಿರಾಳ ಒಂದು. ನಮ್ಮ ಹೊರೆ ಇನ್ನೊಬ್ಬರ ತಲೆಗೆ ದಾಟಿದಾಗ ಆಗುವ ನಿರಾಳ ಇನ್ನೊಂದು. ಅವಳಿಗೆ ಆಗಿದ್ದು ಎರಡನೆಯದು.

ಮೂರು ವಾರ ಹೀಗೇ ನಡೆಯಿತು. ನೀರು ಬಂದ ದಿನವೆಲ್ಲ ವಿಶಾಲಾ ಕಾಲೇಜಿಗೆ ಹೋಗುತ್ತಿರಲಿಲ್ಲ. ಒಂದು ದಿನ ಕಸ್ತೂರೆವ್ವ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಮಗಳು ಬಟ್ಟೆ ಬಡಿಯುತ್ತ ಎದುರಿನ ಗೋಡೆ ನೋಡಿ ಏನೋ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಸಾಲುಸಾಲಾಗಿ ಬರೆದಿತ್ತು. ಅಕ್ಷರ, ಅಂಕಿ, ಬಾಣದ ಗುರುತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ಕಸ್ತೂರೆವ್ವನಿಗೆ ಅದೊಂದೂ ತಿಳಿಯಲಿಲ್ಲ.

"ಏನಬೇ ಅದು? ಗ್ವಾಡಿ ಯಾಕ ಹೊಲಸ ಮಾಡೀದಿ?"

"ಪರೀಕ್ಷಾದಾಗ ಬರ್ತಾವ ಯವ್ವಾ. ಹಸಿ ಕೈಲೆ ಪುಸ್ತಕ ಹಿಡಿಯಾಕ ಬರೂದಿಲ್ಲಲ್ಲ. ಅದಕ್ಕ ಇಲ್ಲೇ ಬರದೀನಿ."

ಅವಳ ದನಿಯಲ್ಲಿ ದೂರೇ ಇರಲಿಲ್ಲ. ಇದ್ದಿದ್ದರೆ ತಾಯಿ ಗದರಿ ಒಳಗೆ ಹೋಗುತ್ತಿದ್ದಳೇನೋ. ದೂರಿಲ್ಲದ್ದರಿಂದ ಕಸ್ತೂರೆವ್ವ ಹತ್ತಿರ ಹೋದಳು. ಎಡಗೈಯಿಂದ ಮಗಳ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ಗೆಣ್ಣುಗಳು ಕೆಂಪಾಗಿದ್ದವು. ಅಂಗೈಯಲ್ಲಿ ಎರಡು ಸಣ್ಣ ಬಿರುಕುಗಳಿದ್ದವು. ಗೋಡೆಯಾಚೆ ಗಂಡು ಹುಡುಗರು ಕ್ರಿಕೆಟ್ ಆಡುವ ಗದ್ದಲ ಕೇಳುತ್ತಿತ್ತು. ಅದರಲ್ಲಿ ಅವಳ ಹದಿನೈದು ವರ್ಷದ ಮಗ ಮಾಂತೇಶನ ದನಿಯೂ ಇತ್ತು. ಅವನ ಪ್ಯಾಂಟು ಅಕ್ಕನ ಕೈಯಲ್ಲಿತ್ತು.

ಕಸ್ತೂರೆವ್ವ ಅಲ್ಲೇ ಕಲ್ಲಿನ ಪಕ್ಕ ಕುಳಿತಳು. ತಾನು ಸಾಲೆ ಬಿಟ್ಟದ್ದು ಹೇಗೆ ಎಂಬುದು ಅವಳಿಗೆ ಮರೆತೇಹೋಗಿತ್ತು. ಈಗ ನೆನಪಾಯಿತು. ಅವಳ ತಾಯಿ ಬಾಣಂತಿಯಾಗಿದ್ದಾಗ ಯಾರೋ ಒಬ್ಬರು ಅಂದಿದ್ದರು: "ಕಸ್ತೂರಿ ಅದಾಳಲ್ಲ." ಅಷ್ಟೇ. ಎರಡೇ ಶಬ್ದ. ಆ ಎರಡು ಶಬ್ದಕ್ಕೆ ಒಂಬತ್ತು ವರ್ಷದ ಹುಡುಗಿ ಪಾಟಿಚೀಲ ಗೂಟಕ್ಕೆ ತೂಗುಹಾಕಿದ್ದಳು. ಮತ್ತೆ ಇಳಿಸಲೇ ಇಲ್ಲ.

ಅವತ್ತು ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಅವಳು ಹೇಳಿದಳು. "ಎಲ್ಲಾರೂ ಕೇಳ್ರಿ. ಬರೂ ನೀರಿನ ದಿನದಿಂದ ಅವರವರ ಅರಿಬಿ ಅವರವರಽ ಒಗಕೋಬೇಕು. ಸಣ್ಣಾಕಿ ಚಿನ್ನುನೂ ಆಕಿ ಚಡ್ಡಿ ಆಕೀನಽ ಜಾಲಿಸಬೇಕು."

ಮೈದುನ ನಕ್ಕ. ಮಕ್ಕಳು ನಕ್ಕರು. ಗಂಗವ್ವ ನಗಲಿಲ್ಲ. ತಟ್ಟೆಯಿಂದ ಕೈ ತೆಗೆದಳು.

"ಗಂಡ ಹುಡುಗರ ಕೈಯಾಗ ಸಾಬಾನ ಕೊಡ್ತಿಯೇನ ನೀ? ಓಣ್ಯಾಗ ಮಂದಿ ಏನಂದಾರು? ನನ್ನ ಮಕ್ಕಳು ಒಂದ ಕರವಸ್ತ್ರ ಹಿಂಡಿಲ್ಲ ಇವತ್ತಿನ ತನಕ!"

"ಅದಽ ನೋಡ್ರಿ ಅತ್ತಿ, ಹಿಂಡಿಲ್ಲ" ಎಂದಳು ಕಸ್ತೂರೆವ್ವ. "ಹಿಂಡಿದ್ರ ಇವತ್ತ ನನ್ನ ಬೆರಳ ಹಿಂಗ ಆಗ್ತಿರಲಿಲ್ಲ."

ಶಂಕ್ರೆಪ್ಪ ಜಗಳ ಬೇಡವೆಂದು ನಡುವೆ ಬಂದ. "ಎರಡ ತಿಂಗಳ ಮಟ್ಟಿಗೆ ಯಾರನರ ಒಗಿಯಾಕ ಹಚ್ಚೂಣಂತ ಬಿಡ."

"ಆಮ್ಯಾಲ?"

"ಆಮ್ಯಾಲ ನೀ ಅದಿಯಲ್ಲ."

"ನನ್ನ ಕೈ ಮತ್ತ ಕೆಟ್ಟ ದಿನ?"

ಆ ಪ್ರಶ್ನೆಯ ಉತ್ತರ ಎದುರಿಗೇ ಕುಳಿತು ರೊಟ್ಟಿ ಮುರಿಯುತ್ತಿತ್ತು. ವಿಶಾಲಾ ತಲೆ ಎತ್ತದೆ, "ಇರಲಿ ಬಿಡಬೇ, ನಾನಽ ಒಗೀತೀನಿ, ಏನಾತೀಗ" ಎಂದಳು. ಹದಿನೇಳು ವರ್ಷಕ್ಕೆ ತನ್ನ ಬಾಳನ್ನು ಬಿಟ್ಟುಕೊಡುವುದು ಅಷ್ಟು ಚೆನ್ನಾಗಿ ರೂಢಿಯಾಗಿಬಿಟ್ಟಿತ್ತು. ಆ ಮಾತು ಕೇಳಿ ಕಸ್ತೂರೆವ್ವನ ನಿರ್ಧಾರ ಇನ್ನಷ್ಟು ಗಟ್ಟಿಯಾಯಿತು.

ಮುಂದಿನ ನೀರಿನ ದಿನ ಬಂತು. ಕಸ್ತೂರೆವ್ವ ಬ್ಯಾಂಡೇಜಿನ ಕೈ ಎದೆಗೆ ಆನಿಸಿಕೊಂಡು ಮಣೆಯ ಮೇಲೆ ಕುಳಿತಳು. ಮಾಂತೇಶ ಬರಲಿಲ್ಲ. "ನಾ ಏನ ಹೆಂಗಸೇನು?" ಎಂದು ಹೊರಗೆ ಹೋದ. ಗಿರಿಮಲ್ಲ ಬಂದ, ನಡುವಿನ ಇಬ್ಬರು ಹೆಣ್ಣುಮಕ್ಕಳು ಬಂದರು, ಆರು ವರ್ಷದ ಚಿನ್ನು ಬಂದಳು. ಪಾಠ ಶುರುವಾಯಿತು. ಆಗ ನೋಡಿ, ಕಸ್ತೂರೆವ್ವನಿಗೆ ಒಂದು ವಿಚಿತ್ರ ಗೊತ್ತಾಯಿತು. ಇಪ್ಪತ್ತು ವರ್ಷ ಒಗೆದಿದ್ದಾಳೆ, ಆದರೆ ಒಗೆಯುವುದು ಹೇಗೆಂದು ಹೇಳಲು ಬರುತ್ತಿಲ್ಲ! ಕೈಗೆ ಗೊತ್ತಿದ್ದದ್ದು ನಾಲಿಗೆಗೆ ಗೊತ್ತಿರಲಿಲ್ಲ.

"ತಿಕ್ಕು" ಎಂದಳು.

"ಎಷ್ಟ?" ಎಂದ ಗಿರಿಮಲ್ಲ.

"ಸಾಕಾಗೂ ಮಟ."

"ಸಾಕಾತು ಅಂತ ಹ್ಯಾಂಗ ಗೊತ್ತಾಗತೈತಿ?"

ಅವಳು ಯೋಚಿಸಿದಳು. "ಬುರುಗು ಮೊದಲ ಕಪ್ಪ ಬರ್ತೈತಿ. ಆಮ್ಯಾಲ ಬೆಳ್ಳಗಾಗತೈತಿ. ಬೆಳ್ಳಗಾತಂದ್ರ ಸಾಕ." ಹೇಳಿ ಮುಗಿಸಿದ ಮೇಲೆ ಅವಳಿಗೇ ಆಶ್ಚರ್ಯ. ತನ್ನೊಳಗೆ ಇಷ್ಟು ವಿದ್ಯೆ ಇತ್ತೇ?

ಬಿಳಿ ಅಂಗಿಗೆ ನೀಲಿ ಹಾಕುವ ಸರದಿ ಬಂತು. ಒಂದು ಬಕೆಟ್ಟಿಗೆ ನಾಲ್ಕು ಹನಿ ಎಂದು ಹೇಳಿ, ಚಿನ್ನುವಿನ ಕಣ್ಣಿಗೆ ಬಿದ್ದ ನೊರೆ ಒರೆಸಲು ಅವಳು ಆ ಕಡೆ ತಿರುಗಿದಳು. ತಿರುಗಿ ನೋಡುವಷ್ಟರಲ್ಲಿ ಗಿರಿಮಲ್ಲನ ಅಂಗಿ ಆಕಾಶದ ಬಣ್ಣವಾಗಿತ್ತು.

"ನಾಕ ಹನಿ ಅಂದಿದ್ನಲ್ಲೋ!"

"ನಾ ನಾಕ ಬೂಚ ಅಂತ ತಿಳಕೊಂಡೆ" ಎಂದ ಅವನು, ನೀಲಿ ಬಾಟಲಿಯ ಮುಚ್ಚಳ ತೋರಿಸುತ್ತ.

ಮೊದಲಾಗಿದ್ದರೆ ಎರಡು ಬಿಗಿದು ಅಂಗಿ ಕಸಿದುಕೊಳ್ಳುತ್ತಿದ್ದಳು. ಇವತ್ತು ಕಸಿಯಲು ಕೈಯಿಲ್ಲ. ಕೈಯಿಲ್ಲದ್ದರಿಂದ ನಗು ಬಂತು. ಕೀವಾದ ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು. ಗಿರಿಮಲ್ಲ ಆ ನೀಲಿ ಅಂಗಿ ತೊಟ್ಟೇ ಸಾಲೆಗೆ ಹೋದ. ಯಾರಾದರೂ ಕೇಳಿದರೆ "ನಾನಽ ಒಗದೀನಿ" ಎಂದು ಎದೆಯುಬ್ಬಿಸುತ್ತಿದ್ದನಂತೆ.

ಕಷ್ಟ ಬಂದದ್ದು ಮಾಂತೇಶನ ಕಡೆಯಿಂದ. ಎಂಟು ದಿನಕ್ಕೆ ಅವನ ಗೂಡು ಖಾಲಿಯಾಯಿತು. ಒಂಬತ್ತನೆಯ ದಿನ ಬೆವರು ನಾರುವ ಅಂಗಿ ತೊಟ್ಟು ಹೋದ. ಡ್ರಿಲ್ ಮಾಸ್ತರು ಸಾಲಿನಿಂದ ಹೊರಗೆ ನಿಲ್ಲಿಸಿ, ಶುದ್ಧ ಬಟ್ಟೆ ಹಾಕಿಕೊಂಡು ಬಾ ಎಂದು ಮನೆಗೆ ಕಳಿಸಿದರು. ಅವನು ಬಂದವನೇ ಅಂಗಿ ಬಿಚ್ಚಿ ತಾಯಿಯ ಕಾಲ ಬುಡಕ್ಕೆ ಎಸೆದ.

"ಎಲ್ಲಾ ಹುಡುಗರ ಮುಂದ ನನ್ನ ಮರ್ಯಾದಿ ಹೋತು. ನಿನ್ನಿಂದ! ಎಲ್ಲಾರ ಅವ್ವಂದಿರೂ ಒಗೀತಾರ. ನೀ ಒಬ್ಬಾಕಿ ಅದಿ ನೋಡ, ತಾಯಿ ಅಂತ!"

ಓಣಿಯವರು ಹೊರಗೆ ಬಂದು ನಿಂತರು. ಗಂಗವ್ವ ಅಳಲು ಶುರು ಮಾಡಿದಳು. "ತಾಯಿ ಇದ್ದೂ ಪರದೇಶಿ ಆದ್ವು ನನ್ನ ಮೊಮ್ಮಕ್ಕಳು" ಎಂದಳು. ಮಗ ದಡಬಡ ಹೊರಗೆ ಹೋದ. ಕಸ್ತೂರೆವ್ವ ಆ ಅಂಗಿಯನ್ನೇ ನೋಡುತ್ತ ನಿಂತಳು. ಆಮೇಲೆ ಎತ್ತಿಕೊಂಡಳು. ಹಿತ್ತಲಿಗೆ ಹೋದಳು. ಬಕೆಟ್ಟಿನ ಮುಂದೆ ಕುಳಿತು, ಹಲ್ಲಿನಿಂದ ಬ್ಯಾಂಡೇಜಿನ ಗಂಟು ಬಿಚ್ಚತೊಡಗಿದಳು.

ಒಂದೇ ಒಂದು ಅಂಗಿ. ಐದು ನಿಮಿಷದ ಕೆಲಸ. ಒಗೆದುಬಿಟ್ಟರೆ ಮಗನ ಮುನಿಸು ಇಳಿಯುತ್ತದೆ, ಅತ್ತೆಯ ಅಳು ನಿಲ್ಲುತ್ತದೆ, ಓಣಿಯ ಬಾಯಿ ಮುಚ್ಚುತ್ತದೆ. ಬೆರಳು? ಹೋದರೆ ಹೋಯಿತು. ನೀವು ಹೇಳಿ ತಾಯಂದಿರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನನಗೆ ಗೊತ್ತು. ಇಷ್ಟು ಹೊತ್ತಿಗೆ ಅಂಗಿ ಹಗ್ಗದ ಮೇಲೆ ಇರುತ್ತಿತ್ತು.

ಕಸ್ತೂರೆವ್ವನ ಕೈ ನೀರಿನ ಹತ್ತಿರ ಹೋಯಿತು. ಅಷ್ಟರಲ್ಲಿ ಚಿನ್ನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. "ಯವ್ವಾ, ಅದು ಅಣ್ಣನ ಅಂಗಿ. ಅವಂದು ಅವನಽ ಒಗೀಬೇಕು ಅಂತ ನೀನಽ ಹೇಳೀದಿ" ಎಂದಳು. ತಾಯಿಗೆ ಬುದ್ಧಿ ಹೇಳಬೇಕೆಂದು ಬಂದ ಮಾತಲ್ಲ ಅದು. ಆಟದ ನಿಯಮ ತಪ್ಪಿದಾಗ ಮಕ್ಕಳು ಹೇಳುವುದಿಲ್ಲವೇ, ಹಾಗೆ. ಕಸ್ತೂರೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಅಂಗಿಯನ್ನು ಮಾಂತೇಶನ ಕೊಳೆ ಬಟ್ಟೆಯ ಬುಟ್ಟಿಗೆ ಹಾಕಿ ಬಂದಳು. ಆಮೇಲೆ ಅಡಿಗೆಮನೆಯಲ್ಲಿ ಕುಳಿತು ಸೆರಗು ಕಚ್ಚಿಕೊಂಡು ಅತ್ತಳು. ಒಗೆಯುವುದು ಎಷ್ಟು ಸುಲಭ, ಒಗೆಯದೆ ಇರುವುದು ಎಷ್ಟು ಕಷ್ಟ ಎಂದು ಅವಳಿಗೆ ಅವತ್ತು ತಿಳಿಯಿತು.

"ಸಾಕ ಮಾಡ ಈ ಹಟ" ಎಂದ ಶಂಕ್ರೆಪ್ಪ.

"ಇವತ್ತ ನಾ ಒಗದ್ರ ನಾಳಿ ಅವನ ಹೆಂಡ್ತಿ ಒಗೀತಾಳ್ರಿ" ಎಂದಳು ಅವಳು. "ಆಕಿ ಕೈ ಒಡದ ದಿನ ಆಕಿ ಮಗಳು ಒಗೀತಾಳ. ನಾ ಹುಟ್ಟಿಸಿದ ಮಗ ಅಂವ. ನನ್ನ ಕಡಿಂದನಽ ಮುಗೀಲಿ ಇದು."

ಮಾಂತೇಶ ಆರು ದಿನ ತಾಯಿಯ ಜೊತೆ ಮಾತು ಬಿಟ್ಟ. ಚಿಕ್ಕಪ್ಪನ ಅಂಗಿ ತೋಳು ಮಡಚಿ ತೊಟ್ಟು ತಿರುಗಿದ. ಕಸ್ತೂರೆವ್ವ ರೊಟ್ಟಿ ಬಡಿಸುವಾಗ ಅವನ ಮುಖ ನೋಡುತ್ತಿದ್ದಳು, ಅವನು ತಟ್ಟೆ ನೋಡುತ್ತಿದ್ದ. ಸೋತುಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸಿತು ಅವಳಿಗೆ. ನಾನು ತಾಯಿಯೋ ರಾಕ್ಷಸಿಯೋ ಎನ್ನಿಸಿತು.

ಪರೀಕ್ಷೆಯ ಮೊದಲ ದಿನ ಬಂತು. ಗ್ರಹಚಾರ ನೋಡಿ, ಅವತ್ತೇ ನೀರಿನ ದಿನ. ವಿಶಾಲಾ ತನ್ನ ಎರಡು ಜೊತೆ ಬಟ್ಟೆ ಮುಂಚಿನ ದಿನವೇ ಒಗೆದುಕೊಂಡಿದ್ದಳು. ಪೆನ್ನು, ಹಾಲ್ ಟಿಕೆಟ್ಟು ಹಿಡಿದು ಹೊರಟವಳು ನಳದ ಸದ್ದು ಕೇಳಿ ಹೊಸ್ತಿಲಲ್ಲಿ ನಿಂತಳು. "ನೀರ ಬಂದುವಬೇ. ಅಪ್ಪನ ಧೋತರ, ಅಜ್ಜಿ ಸೀರಿ... ಒಂದ ಅರ್ಧ ತಾಸು..."

"ನಡಿ!" ಎಂದಳು ಕಸ್ತೂರೆವ್ವ. "ಹಿಂದ ತಿರುಗಿ ನೋಡಬ್ಯಾಡ. ಮನಿ ಮಂದಿ ಹೊಲಸ ಅರಿಬ್ಯಾಗ ಸಾಯೂದಿಲ್ಲ. ನಡಿ ನೀ."

ಮಗಳು ಹೋದಳು. ಕಸ್ತೂರೆವ್ವ ಒಲೆಯ ಮುಂದೆ ಕುಳಿತಳು. ನೀರು ಸುಮ್ಮನೆ ಹರಿದು ಹೋಗುತ್ತದೆ, ಹೋಗಲಿ ಎಂದುಕೊಂಡಳು. ಆಗ ಹಿತ್ತಲಿನಿಂದ ಸದ್ದು ಬಂತು. ದಪ್. ದಪ್. ಕಲ್ಲಿನ ಮೇಲೆ ಹಸಿ ಬಟ್ಟೆ ಬೀಳುವ ಸದ್ದು. ಗಿರಿಮಲ್ಲ ಸಾಲೆಗೆ ಹೋಗಿದ್ದ, ಹುಡುಗಿಯರೂ ಹೋಗಿದ್ದರು. ಯಾರಿದು?

ಎದ್ದು ಹೋಗಿ ನೋಡಿದಳು. ಮಾಂತೇಶ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದ. ಕೊಡಗಳೆಲ್ಲ ತುಂಬಿದ್ದವು. ಕಾಲಿನ ಸುತ್ತ ಅರ್ಧ ಹಿತ್ತಲು ನೊರೆಯಾಗಿತ್ತು. ಮೈ ತೊಳೆಯುವ ಸಾಬೂನನ್ನು ಹಿಡಿದು ಅಂಗಿಯನ್ನು ಎಮ್ಮೆ ಉಜ್ಜಿದಂತೆ ಉಜ್ಜುತ್ತಿದ್ದ. ತಾಯಿ ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಕಾಲರ್ ಉಜ್ಜುತ್ತಲೇ ಕೇಳಿದ:

"ಕಾಲರಿನ ಹೊಲಸ ಹ್ಯಾಂಗ ಹೋಗಬೇಕಬೇ ಇದು?"

ಆರು ದಿನದ ಮೇಲೆ ಆಡಿದ ಮೊದಲ ಮಾತು. ಕಸ್ತೂರೆವ್ವನ ಎದೆಯ ಮೇಲಿನ ಬಂಡೆ ಅಲ್ಲೇ ಉರುಳಿತು. ಆದರೆ ಅವಳು ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಜಾಣ ತಾಯಿ! ಮಣೆ ಎಳೆದು ಕುಳಿತು, "ಮೊದಲ ಆ ಸಾಬಾನ ಬಿಡ, ಅದು ಮೈಗೆ ಹಚ್ಚೂದು. ಬಾರ್ ಸಾಬಾನ ತಗೊ. ಕಾಲರ್ ಮಡಚಿ ಬೆರಳಿಗೆ ಸುತ್ತಕೊ. ಹಾಂ. ಈಗ ಬ್ರಷ್ ಹಿಡಿ" ಎಂದಳು.

ಅವನು ತಿಕ್ಕುತ್ತ, ಕೆಳಗೆ ನೋಡುತ್ತಲೇ ಹೇಳಿದ. "ನಿನ್ನೆ ಚಂಡು ಇಲ್ಲಿ ಬಿದ್ದಿತ್ತು. ತರಾಕ ಬಂದಿದ್ದೆ. ಅಕ್ಕ ಗ್ವಾಡಿ ಮ್ಯಾಲೆ ಪರೀಕ್ಷಾ ತಾರೀಖ ಬರದಾಳ. ನೀರ ಬರೂ ತಾರೀಖಿಗೆ ಗೆರಿ ಎಳದು, 'ಅವತ್ತ ಲಗೂನ ಏಳಬೇಕು, ಮಾಂತೂನ ಯುನಿಫಾರ್ಮ್ ಒಗದು ಹೋಗಬೇಕು' ಅಂತ ಬರಕೊಂಡಾಳ." ಅವನು ಬ್ರಷ್ ಕೆಳಗಿಟ್ಟ. "ನಾ ಆಕಿಗೆ ಒಗಿ ಅಂತ ಹೇಳಿದ್ದಿಲ್ಲಬೇ."

"ನೀ ಹೇಳೂದು ಬ್ಯಾಡಪಾ. ಒಗೀದಽ ಇದ್ರ ಸಾಕು, ಯಾರೋ ಒಬ್ಬಾಕಿ ಒಗೀತಾಳ" ಎಂದಳು ತಾಯಿ.

ಅವತ್ತು ಅವನು ತನ್ನ ಅಂಗಿ ಒಗೆದ. ಅಜ್ಜಿಯ ಸೀರೆಯನ್ನೂ ಒಗೆದ. ಎಂಟು ಗಜದ ಸೀರೆ ಹಿಂಡಲು ಬಾರದೆ ಅಜ್ಜಿಯನ್ನೇ ಕೂಗಿದ. ಗಂಗವ್ವ ಗೊಣಗುತ್ತ ಬಂದು ಇನ್ನೊಂದು ತುದಿ ಹಿಡಿದಳು. ಅಜ್ಜಿ ಈ ಕಡೆ ತಿರುವುತ್ತಾಳೆ, ಮೊಮ್ಮಗ ಆ ಕಡೆ ತಿರುವುತ್ತಾನೆ, ನಡುವೆ ನೀರು ಸುರಿಯುತ್ತದೆ. "ಭಾಳ ಬಿಗಿ ಹಿಡೀಬ್ಯಾಡೋ, ಹಳೇ ಸೀರಿ ಐತಿ, ನನ್ನಂಗ" ಎಂದು ಗಂಗವ್ವ ನಕ್ಕಳು.

ಅದನ್ನು ನೋಡಿ ಮೈದುನನೂ ತನ್ನ ಬಟ್ಟೆ ತಾನೇ ಒಗೆಯತೊಡಗಿದ. ಇನ್ನು ಉಳಿದವನು ಶಂಕ್ರೆಪ್ಪ. ಅವನ ಸಂಗತಿಯನ್ನೂ ಹೇಳಿಬಿಡುತ್ತೇನೆ, ಮುಂದಿನ ಸಾಲಿನ ಗಂಡಸರು ಹುಷಾರಾಗಿ ಕೇಳಿ. ಒಂದು ಭಾನುವಾರ ಅವನು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡವನು ಒಂದು ತಾಸಾದರೂ ಹೊರಗೆ ಬರಲಿಲ್ಲ. ಗಂಗವ್ವನಿಗೆ ಗಾಬರಿ. "ಶಂಕ್ರ್ಯಾ, ಚಕ್ಕರ್ ಬಂತೇನೋ? ಬಾಗಿಲಾ ತಗಿಯೋ!" ಎಂದು ಬಾಗಿಲು ಬಡಿದಳು. ಒಳಗಿನಿಂದ ನೀರು ಸುರಿಯುವ ಸದ್ದಷ್ಟೇ ಬಂತು. ಚಿನ್ನು ನೆಲಕ್ಕೆ ಮಲಗಿ ಬಾಗಿಲ ಸಂದಿಯಲ್ಲಿ ಇಣುಕಿ, ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಅಪ್ಪ ಕದ್ದು ಬನೇನ ಒಗ್ಯಾಕತ್ತಾನ!"

ನಗಿ, ನಗಿ. ಈಗ ನಗಬಹುದು. ಕಳ್ಳತನ ಮಾಡುವಾಗ ನಾಚದ ಜನ ಇದ್ದಾರೆ. ಇವನು ತನ್ನ ಬನಿಯನ್ ತಾನೇ ಒಗೆಯಲು ನಾಚಿದ!

ಏಪ್ರಿಲಿನಲ್ಲಿ ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿದರು. ಬೆರಳು ಉಳಿದಿತ್ತು, ಚರ್ಮ ಹೊಸದಾಗಿ ಕೂಡಿತ್ತು. ಮರುದಿನ ನೀರು ಬಂತು. ಕಸ್ತೂರೆವ್ವ ಅಭ್ಯಾಸಬಲದಿಂದ ಹಿತ್ತಲಿಗೆ ಹೋದಳು. ಕಲ್ಲಿನ ಪಕ್ಕ ಅವಳವೇ ಎರಡು ಸೀರೆ ಇದ್ದವು. ಅಷ್ಟೇ. ಉಳಿದದ್ದೆಲ್ಲ ಆಗಲೇ ಹಗ್ಗದ ಮೇಲಿತ್ತು. ಒಂದು ಅಂಗಿ ಒಳಹೊರಗಾಗಿತ್ತು, ಒಂದು ಪ್ಯಾಂಟಿನ ಮೇಲೆ ಸಾಬೂನಿನ ಬಿಳಿ ಗೆರೆ ಉಳಿದಿತ್ತು, ಒಂದು ಟವೆಲು ಸರಿಯಾಗಿ ಹಿಂಡದೆ ತೊಟ್ಟಿಕ್ಕುತ್ತಿತ್ತು. ಅವಳು ಒಗೆದಿದ್ದರೆ ಹೀಗಿರುತ್ತಿರಲಿಲ್ಲ. ಒಂದು ಗಳಿಗೆ ಅವಳಿಗೆ ಎದೆಯಲ್ಲಿ ಏನೋ ಖಾಲಿಯಾದಂತೆ ಆಯಿತು. ನನ್ನಿಂದ ಇವರಿಗೆ ಇನ್ನು ಏನೂ ಬೇಕಿಲ್ಲವೇ ಎನ್ನಿಸಿತು.

ಅಷ್ಟರಲ್ಲಿ ವಿಶಾಲಾ ಒಂದು ಕಪ್ ಚಹಾ ತಂದು ಕೊಟ್ಟು ಪಕ್ಕದಲ್ಲಿ ಕುಳಿತಳು. ಪರೀಕ್ಷೆ ಆರೂ ಮುಗಿದಿದ್ದವು. ಗಿರಿಮಲ್ಲನೂ ಬಂದು ತಾಯಿಯ ತೊಡೆಯ ಮೇಲೆ ತಲೆಯಿಟ್ಟ. ಮಾಂತೇಶ ಬಾಗಿಲಿಗೆ ಒರಗಿ ಸಾಲೆಯ ಸುದ್ದಿ ಹೇಳತೊಡಗಿದ. ಕಸ್ತೂರೆವ್ವ ಚಹಾ ಕುಡಿದಳು. ಮದುವೆಯಾಗಿ ಬಂದ ಮೇಲೆ, ನೀರಿನ ದಿನ, ಕೂತು, ತಳದ ತನಕ ಬಿಸಿಯಾಗಿಯೇ ಕುಡಿದ ಮೊದಲ ಚಹಾ ಅದು. ಒಗೆಯುವ ತಾಯಿಯ ಹತ್ತಿರ ಬಂದು ಕೂರಲು ಮಕ್ಕಳಿಗೆ ಇಷ್ಟು ವರ್ಷ ಜಾಗವೇ ಇರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವಳ ಉಸಿರು ಹಗುರಾಗಿ ಹೊರಬಂತು. ಇದು ಮೊದಲನೆಯ ಬಗೆಯ ನಿರಾಳ. ಯಾರ ತಲೆಗೂ ದಾಟಿಸದೆ ಇಳಿದ ಹೊರೆ.

ವಿಶಾಲಾ ಪಾಸಾದಳು. ಊರಿಗೆ ಮೊದಲಿಗಳೇನೂ ಆಗಲಿಲ್ಲ. ಆದರೆ ಮುಂದಕ್ಕೆ ಓದುವಷ್ಟು ಅಂಕ ಬಂದವು, ಓದುತ್ತಿದ್ದಾಳೆ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ತಿರುಗುತ್ತೇನೆ.

ನಾವು ಕಾಯಕ, ಕಾಯಕ ಎಂದು ದಿನವೂ ಹೇಳುತ್ತೇವೆ. ಭಾಷಣದಲ್ಲಿ ಹೇಳುತ್ತೇವೆ, ಫಲಕದ ಮೇಲೆ ಬರೆಸುತ್ತೇವೆ. ಆದರೆ ನಮ್ಮ ಮನೆಯ ಮಗನಿಗೆ ತನ್ನ ಬೆವರು ತಾನು ತೊಳೆದುಕೊಳ್ಳುವುದು ಗೊತ್ತಿಲ್ಲ. ನೋಡಿ, ತನ್ನ ಮೈಯ ಕೊಳೆ ಇನ್ನೊಬ್ಬರ ಕೈಯಿಂದ ಹೋಗಬೇಕು ಎಂದು ಕಲಿತ ಮಗು, ನಾಳೆ ತನ್ನ ತಪ್ಪನ್ನೂ ಇನ್ನೊಬ್ಬರೇ ತೊಳೆಯಲಿ ಎನ್ನುತ್ತದೆ. ಎನ್ನುವುದಿಲ್ಲವೇ? ಎನ್ನುತ್ತದೆ. ದೊಡ್ಡ ದೊಡ್ಡ ಮಂದಿ ಎನ್ನುವುದನ್ನು ನಾವು ಕಂಡಿದ್ದೇವೆ.

ತಾಯಂದಿರೇ, ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮಗು ಕಲಿಯಲು ಬಂದಾಗ "ಬಿಡು, ನಿನಗೆ ಬರುವುದಿಲ್ಲ" ಎನ್ನಬೇಡಿ. ಮೊದಲ ದಿನ ಕೊಳೆ ಉಳಿಯುತ್ತದೆ. ಉಳಿಯಲಿ. ಬಣ್ಣ ಕೆಡುತ್ತದೆ. ಕೆಡಲಿ. ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬಾಯಿಗೂ ಒಂದು ಕೆಲಸ ಬೇಕಲ್ಲ. ಮತ್ತೆ ಹಿರಿಯ ಮಗಳಿರುವ ಮನೆಯವರು ಒಂದು ಮಾತು ಕೇಳಿ. "ಅವಳಿದ್ದಾಳಲ್ಲ" ಎಂಬ ಮಾತನ್ನು ಇವತ್ತಿಗೇ ಬಿಡಿ. ಮನೆಯಲ್ಲಿ ಯಾರಿಗೇ ಕಾಯಿಲೆಯಾಗಲಿ, ಕೆಲಸವನ್ನು ಎಲ್ಲರ ಕೈಗೆ ಹಂಚಿ. ಒಬ್ಬಳ ಕೈಗೆ ಹಾಕಬೇಡಿ.

ತಂದೆಯಂದಿರೇ, ನಿಮಗೆ ಹೆಚ್ಚು ಹೇಳುವುದಿಲ್ಲ. ಬಚ್ಚಲ ಅಗುಳಿ ತೆಗೆದಿಟ್ಟು ಒಗೆಯಿರಿ. ಮಗ ನೋಡಬೇಕು. ಅವನು ಕಲಿಯುವುದು ನಿಮ್ಮ ಉಪದೇಶದಿಂದಲ್ಲ, ನಿಮ್ಮ ಒದ್ದೆ ಕೈಯಿಂದ.

ಇದನ್ನು ಹೇಳುವ ಅಧಿಕಾರ ನನಗಿದೆಯೇ ಎಂದು ನೀವು ಕೇಳಬಹುದು. ಕೇಳಬೇಕು. ಹೋದ ವರ್ಷದ ತನಕ ಇರಲಿಲ್ಲ. ಈಗ ಈ ಕಾವಿಯನ್ನು ನಾನೇ ಒಗೆದುಕೊಳ್ಳುತ್ತೇನೆ. ಇನ್ನೂ ಪೂರ್ತಿ ಬಂದಿಲ್ಲ. ಇಗೋ, ಭುಜದ ಹತ್ತಿರ ಸಾಬೂನಿನ ಕಲೆ ಉಳಿದಿದೆ. ಮುಂದೆ ಕುಳಿತವರು ಮೊದಲ ದಿನದಿಂದ ಅದನ್ನೇ ನೋಡುತ್ತಿದ್ದೀರಿ ಎಂದು ನನಗೆ ಗೊತ್ತು.

ಈಗ ಮನೆಗೆ ಹೋಗುತ್ತೀರಿ. ಬಟ್ಟೆ ಬಿದ್ದಿರುತ್ತದೆ. ಎತ್ತಬೇಡಿ. ಐದು ವರ್ಷದ ಮಗುವಿಗೆ ಅದರ ಕರವಸ್ತ್ರ ಕೊಡಿ, ಹತ್ತು ವರ್ಷದವನಿಗೆ ಅವನ ಅಂಗಿ ಕೊಡಿ, ಹದಿನೈದು ದಾಟಿದವನಿಗೆ ಅವನ ಬುಟ್ಟಿಯನ್ನೇ ಕೊಡಿ. ಪಕ್ಕದಲ್ಲಿ ಕುಳಿತು ಬಾಯಲ್ಲಿ ಹೇಳಿಕೊಡಿ, ಕೈ ಹಾಕಬೇಡಿ. ನಾಳೆ ಮುಂಜಾನೆ ಮಗ ಎದ್ದು, "ನನ್ನ ಅಂಗಿ ಎಲ್ಲೈತಿಬೇ?" ಎಂದು ಕೇಳುತ್ತಾನೆ. ಕೋಪ ಮಾಡಿಕೊಳ್ಳದೆ, ನಗುನಗುತ್ತ ಉತ್ತರ ಕೊಡಿ: "ನೀ ಎಲ್ಲಿ ಬಿಟ್ಟಿದ್ದಿ, ಅಲ್ಲೇ ಐತಿ ನೋಡಪಾ. ಬಾ, ಹ್ಯಾಂಗ ಒಗೀಬೇಕು ಅಂತ ಹೇಳಿಕೊಡ್ತೀನಿ."